ಕೆರೆ ಏರಿಯ ಮೇಲಿನ ಚುಕ್ಕಿ

ಚಿಕ್ಕಬಳ್ಳಾಪುರದ ನಮ್ಮ ನಕ್ಷೆ ಆಫೀಸಿನಲ್ಲಿ ಒಂದೇ ವರ್ಷಕ್ಕೆ ಮೂರು ತ್ರೀಡಿ ಕನ್ನಡಕ ಹಾಳಾದವು. ಒಂದರ ಕಡ್ಡಿ ಮುರಿಯಿತು, ಒಂದರ ಬ್ಯಾಟರಿ ಊದಿಕೊಂಡಿತು, ಮತ್ತೊಂದರ ಗಾಜಿಗೆ ಗೀರು ಬಿತ್ತು. ಗೀರಿಗೆ ಕಾರಣ ಪಕ್ಕದಲ್ಲಿ ನನ್ನದೇ ಕೆಲಸ ಮಾಡುವ ಶಿಡ್ಲಘಟ್ಟದ ಹುಡುಗಿ. ದುಪಟ್ಟಾದಲ್ಲಿ ಒರೆಸಬೇಡವೆಂದು ಬಾಯಿ ನೋಯುವಷ್ಟು ಹೇಳಿದ್ದೆ.

ಆ ಕನ್ನಡಕ ಹಾಕಿಕೊಂಡರೆ, ಡ್ರೋನ್ ಎರಡು ಕಡೆಯಿಂದ ತೆಗೆದ ಫೋಟೋಗಳು ಕಣ್ಣಿಗೊಂದರಂತೆ ಕಂಡು ಒಂದಾಗಿ ಕಂಪ್ಯೂಟರಿನ ಪರದೆಯಲ್ಲಿ ಗುಡ್ಡ ಎದ್ದು ನಿಲ್ಲುತ್ತದೆ, ಹಳ್ಳ ಒಳಗಿಳಿಯುತ್ತದೆ. ಅಲ್ಲಿ ತೇಲುವ ಚುಕ್ಕಿಯನ್ನು ನೆಲಕ್ಕೆ ತಾಗಿಸಿದರೆ ಆ ಜಾಗದ ಎತ್ತರ ಸಿಗುತ್ತದೆ. ನನಗೆ ಬರುವುದು ಇದೊಂದೇ ಕೆಲಸ. ಕಣ್ಣು ಕೈಕೊಟ್ಟರೆ ಕುರ್ಚಿಯೂ ಹೋದಂತೆಯೇ. ಒಂದು ತಿಂಗಳಿಂದ ಚುಕ್ಕಿ ನನ್ನ ಮಾತು ಕೇಳುತ್ತಿರಲಿಲ್ಲ. ಗೀರು ಬಿದ್ದ ಕನ್ನಡಕಕ್ಕೆ ಬೈದುಕೊಂಡು ಸುಮ್ಮನಿದ್ದೆ.

ಹೊಸದನ್ನು ಆರಿಸುವ ದಿನ ಮಾರಾಟದವನು ಎರಡು ಬಗೆ ತಂದಿದ್ದ. ಒಂದು ಬ್ಯಾಟರಿಯದು, ಹಗುರ. ಇನ್ನೊಂದಕ್ಕೆ ಬ್ಯಾಟರಿ ಬೇಡ; ದಪ್ಪ ಫ್ರೇಮು, ಜೊತೆಗೆ ಅದಕ್ಕೆಂದೇ ಬೇರೆ ಪರದೆ.

"ಮೇಡಂ, ಗಟ್ಟಿಮುಟ್ಟಾಗಿರೋದು ತಗೊಳ್ಳಣ. ನೀವು ಹೇಳಿದ್ದೇ ಫೈನಲ್," ಎಂದರು ಆಫೀಸಿನ ಯಜಮಾನರು.

ಪರೀಕ್ಷೆಗೆ ತೆರೆದದ್ದು ದಿಬ್ಬೂರಹಳ್ಳಿ ಕಡೆಯ ಫೋಟೋ, ನನ್ನ ತವರಿನ ಕೆರೆ. ಮೊದಲನೆಯದು ಹಾಕಿದೆ, ಏರಿ ಏಳಲಿಲ್ಲ. ದಪ್ಪ ಫ್ರೇಮಿನದು ಹಾಕಿದೆ, ಆಗಲೂ ಏಳಲಿಲ್ಲ. ಮೆಲ್ಲಗೆ ಬಲಗಣ್ಣು ಮುಚ್ಚಿದೆ. ಎಡಗಣ್ಣಿನ ಮುಂದೆ ಸೋಸುವ ಬಟ್ಟೆ ಹಿಡಿದಂತೆ ಮಂಜು. ಚಿಕ್ಕಂದಿನಿಂದ ಓಡಾಡಿದ ಏರಿ, ಅದರ ಎತ್ತರ ನನಗೆ ಗೊತ್ತಿಲ್ಲವೇ ಎಂದು ಅಂದಾಜಿನ ಮೇಲೆ ಚುಕ್ಕಿ ಇಟ್ಟೆ.

ಸ್ಥಳದಲ್ಲಿ ಅಳೆದು ತಂದಿದ್ದ ಎತ್ತರದ ಜೊತೆ ಯಜಮಾನರು ತಾಳೆ ನೋಡಿದರು. "ಎರಡು ಮೀಟರ್ ವ್ಯತ್ಯಾಸ ಬರ್ತಿದೆ. ಈ ದಪ್ಪ ಫ್ರೇಮಿಂದು ಸರಿಯಿಲ್ವಾ ಮೇಡಂ? ವಾಪಸ್ ಕಳಿಸ್ಬಿಡ್ಲಾ?"

ಮಾರಾಟದವನ ಮುಖ ಸಣ್ಣಗಾಯಿತು. ಹೂಂ ಅಂದಿದ್ದರೆ ಇನ್ನೊಂದಷ್ಟು ದಿನ ನಾನು ಬಚಾವಾಗುತ್ತಿದ್ದೆ. ಆದರೆ ಇದೇ ನಕ್ಷೆ ನೋಡಿ ಆ ಕೆರೆಗೆ ಕಾಲುವೆ ತೋಡುತ್ತಾರೆ. ಎರಡು ಮೀಟರ್ ತಪ್ಪಿದರೆ ನೀರು ಕೆರೆ ಸೇರುವುದೇ ಇಲ್ಲ. ನನ್ನ ಮೇಲೆ ನನಗೇ ಸಿಟ್ಟು ಬಂತು.

"ಕನ್ನಡಕ ಚೆನ್ನಾಗೇ ಇದೆ ಸಾರ್, ಇದನ್ನೇ ತಗೊಳ್ಳಿ. ನನ್ನ ಎಡಗಣ್ಣೇ ಮಂಜಾಗಿದೆ. ಈ ತಿಂಗಳು ನಾನು ಮಾಡಿದ್ದೆಲ್ಲ ಇನ್ನೊಂದ್ಸಲ ಅಳೀಬೇಕು."

ಕುರ್ಚಿಯಿಂದ ಎದ್ದು ಕನ್ನಡಕವನ್ನು ಹುಡುಗಿಯ ಕೈಗೆ ಕೊಟ್ಟೆ. ಅಭ್ಯಾಸಬಲ, ಅವಳು ದುಪಟ್ಟಾದ ಅಂಚು ಎತ್ತಿದಳು.

"ಒರೆಸ್ಬೇಡ ಕಣೇ!" ಎಂದು ಗದರಿದೆ.

ತನ್ನ ಪವರ್ ಕನ್ನಡಕದ ಮೇಲೆಯೇ ಅದನ್ನು ಹಾಕಿಕೊಂಡು ಅವಳು ಪರದೆಯತ್ತ ಬಾಗಿದಳು. "ಅಕ್ಕಾ, ನಿಮ್ಮೂರ ಕೆರೆ ಏರಿ ಎಷ್ಟು ಎತ್ತರ ಐತೆ, ನೋಡಿ!"

ನೋಡಿದೆ. ಬರಿಗಣ್ಣಿಗೆ ಅದು ಒಂದರ ಮೇಲೊಂದು ಬಿದ್ದ ಎರಡು ಮಸುಕು ಫೋಟೋ.

"ಹೂಂ ಕಣಮ್ಮ, ಎತ್ತರಾನೇ," ಎಂದೆ. "ದಿನಾ ಅದರ ಮೇಲೇ ಸ್ಕೂಲಿಗೆ ಹೋಗ್ತಿದ್ದೆ."