ಅವಿರೋಧ ಆಯ್ಕೆ

ಪರದೇಶದ ಈ ಹಾರ್ನ್‌ಬಿ ಬಡಾವಣೆಯ ನಮ್ಮ ಮನೆಯ ಹಿತ್ತಲಲ್ಲಿ ಆ ಭಾನುವಾರ ಮೂರು ಸಂಸಾರಗಳು ಸೇರಿದ್ದು ಒಂದೇ ಕೆಲಸಕ್ಕೆ: ನಮ್ಮ ಕನ್ನಡ ಸಂಘದ ಅಧ್ಯಕ್ಷನ ವಿರುದ್ಧ ಮುಂದಿನ ಚುನಾವಣೆಯಲ್ಲಿ ಯಾರನ್ನು ನಿಲ್ಲಿಸುವುದು ಎಂದು ತೀರ್ಮಾನಿಸಲು. ರೊಟ್ಟಿ ಬಡಿದವಳು ನಾನು. ಬಾಯಿ ಬಡಿದುಕೊಂಡವರು ಅವರು.

ಆ ಮನುಷ್ಯನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಶನಿವಾರ ಬೆಳಿಗ್ಗೆ ಸಂಘದ ಹಾಲ್‌ನಲ್ಲಿ ನಾನು ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ. ಈ ದೇಶದಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ. ಉಳಿದಂತೆ ನಾನು ಗಂಡನ ವೀಸಾಕ್ಕೆ ಅಂಟಿಕೊಂಡು ಬಂದವಳು. ಹೇಳದೆ ಕೇಳದೆ ಆತ ಆ ಹೊತ್ತನ್ನು ತನ್ನ ಬ್ಯಾಡ್ಮಿಂಟನ್ ಗೆಳೆಯರಿಗೆ ಕೊಟ್ಟುಬಿಟ್ಟ. ಕೇಳಲು ಹೋದರೆ, "ಹುಡುಗರು ಇಂಗ್ಲಿಷ್‌ನ್ಯಾಗ ಮಾತಾಡತಾವ, ನಿಮ್ಮದ್ಯಾಕ ಇಷ್ಟು ಒದ್ದಾಟ ಅಕ್ಕಾರ?" ಎಂದು ನಕ್ಕ. ಆ ನಗು ನೆನೆದರೆ ಈಗಲೂ ಹಲ್ಲು ಕಡಿಯುವಂತಾಗುತ್ತದೆ.

ಹಿತ್ತಲಲ್ಲಿ ಎಲ್ಲರೂ ಅವನ ಜನ್ಮ ಜಾಲಾಡಿದರು. ನಿಲ್ಲುವವರ ಹೆಸರು ಹೇಳುವ ಹೊತ್ತು ಬಂದಾಗ ಮಾತ್ರ ಒಬ್ಬೊಬ್ಬರಿಗೂ ಒಂದೊಂದು ತಾಪತ್ರಯ. ಇದೇ ದೇಶದ ಡನೀಡಿನ್‌ನಲ್ಲಿ ಓದಿ ಈ ಊರಿಗೆ ಬಂದಿದ್ದ ಬೆಂಗಳೂರಿನವನು, "ನಾನು ದೂರದ ಟೌರಂಗಾಗೆ ಶಿಫ್ಟ್ ಆದ್ರೂ ಆಗ್ಬಹುದು" ಅಂದ. ನಮ್ಮ ಕಡೆಯ ಎಂಜಿನಿಯರ್, "ನಾ ಹಿಂದಿಂದ ಸಪೋರ್ಟ್ ಮಾಡ್ತೀನಿ" ಅಂದ. ನನ್ನ ಗಂಡ ಉಪ್ಪಿನಕಾಯಿ ಹುಡುಕಲು ಒಳಗೆ ಹೋದ.

"ಎಲ್ಲಾರೂ ಹಿಂದ ನಿಂತ್ರ ಮುಂದ ಯಾರು? ನಾ ನಿಲ್ತೀನಿ ತಗೋರಿ!" ಅಂದೆ.

ಎಲ್ಲರೂ ಮೊದಲು ಬಾಯಿಯ ತುತ್ತು ನುಂಗಿದರು. ಆಮೇಲೆ "ಭಲೇ ವೈನಿ!" ಎಂದು ಈ ಅತ್ತಿಗೆಯನ್ನು ಹೊಗಳಿ ಬಾಯಿ ಚಪ್ಪರಿಸಿದರು. ಎಂಜಿನಿಯರ್ ನನ್ನ ಹೆಸರು ಸೂಚಿಸುವುದು, ನನ್ನ ಗಂಡ ಅನುಮೋದಿಸುವುದು ಎಂದಾಯಿತು.

ನಮ್ಮ ಸಂಘದಲ್ಲಿ ಒಂದು ಪದ್ಧತಿಯಿದೆ. ವಾರ್ಷಿಕ ಸಭೆಯಲ್ಲಿ ಊಟ ಮೊದಲು, ಚುನಾವಣೆ ಆಮೇಲೆ, ಬಡಿಸುವವನು ಅಧ್ಯಕ್ಷನೇ. ಅವತ್ತೂ ಹೋಳಿಗೆ, ತುಪ್ಪ ಹಿಡಿದು ಒಬ್ಬೊಬ್ಬರ ಮುಂದೆ ಬಾಗಿ, "ಇನ್ನೊಂದು ಹಾಕಿಸ್ಕೋರಿ, ನಾಚ್ಕೋಬ್ಯಾಡ್ರಿ" ಎಂದು ಉಪಚಾರ ಮಾಡಿದ. ನಾನು ತಟ್ಟೆಗೆ ಕೈ ಅಡ್ಡ ಹಿಡಿದೆ. ನನ್ನ ಗಂಡ ಹಾಕಿಸಿಕೊಂಡ. ಎಂಜಿನಿಯರ್ ಕರೆದು ಹಾಕಿಸಿಕೊಂಡ.

ಎಲ್ಲರೂ ಕೈ ತೊಳೆದು ಕೂತ ಮೇಲೆ, "ಬ್ಯಾರೆ ಯಾರದರ ಹೆಸರು ಅದ ಏನ್ರಿ?" ಎಂದು ಅಧ್ಯಕ್ಷ ಕೇಳಿದ. ಎಂಜಿನಿಯರ್ ಫೋನ್ ಉಜ್ಜುತ್ತಿದ್ದ. ನಾನೇ ಎದ್ದು, "ನನ್ನ ಹೆಸರು ಬರ್ಕೋರಿ" ಅಂದೆ.

"ಆತು ಬಿಡ್ರಿ. ಅನುಮೋದನೆ ಯಾರದು?"

ಗಂಡನ ಕಡೆ ತಿರುಗಿದೆ. ಅವನು ನೆಲ ನೋಡುತ್ತಿದ್ದ. ಭುಜ ತಿವಿದೆ. "ಈಗಷ್ಟ ಅವರ ಕೈಲೆ ಉಂಡೇವಿ, ಹೆಂಗ ಎದ್ದು ನಿಲ್ಲೂದು? ಕೂಡು ನೀ" ಎಂದು ಪಿಸುಗುಟ್ಟಿದ.

"ಹಂಗಾರ ಅವಿರೋಧ!" ಎಂದು ಅಧ್ಯಕ್ಷ ಕೈ ಮುಗಿದ. ನಾನು ಇನ್ನೂ ನಿಂತೇ ಇದ್ದೆ. ಪಕ್ಕದಲ್ಲಿ ನನ್ನ ಗಂಡನೂ ಚಪ್ಪಾಳೆ ತಟ್ಟಿದ. ಥೂ, ಇವರ ಪೌರುಷಕ್ಕಿಷ್ಟು! ಅಧ್ಯಕ್ಷನಾದರೂ ಎದುರಿಗೇ ನಕ್ಕು ಅವಮಾನ ಮಾಡಿದ್ದ.

ಮುಂದಿನ ಶನಿವಾರ ಗಂಡನ ಕಾರನ್ನು ಬೀದಿಗೆ ಹಾಕಿಸಿ, ಗ್ಯಾರೇಜ್ ಗುಡಿಸಿ ಜಮಖಾನೆ ಹಾಸಿದೆ. ಇನ್ನು ಪಾಠ ಇಲ್ಲೇ ಎಂದು ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ್ದೆ. ಎಲ್ಲರೂ ಹೆಬ್ಬೆಟ್ಟು ಒತ್ತಿದ್ದರು. ಬಂದು ಕೂತದ್ದು ನನ್ನ ಮಗಳು ಒಬ್ಬಳೇ.

ಬಾಗಿಲ ಕಡೆ ನೋಡಿ ನೋಡಿ, "ವೇರ್ ಈಸ್ ಎವ್ರಿವನ್, ಅಮ್ಮಾ?" ಎಂದಳು.

"ಯಾರೂ ಬರೂದಿಲ್ಲವ್ವ."

"ದೆನ್ ಕ್ಯಾನ್ ಐ ಗೋ?" ಎಂದಳು.