ತಟ್ಟೆಯ ಅಂಚಿನ ಶಿಖರ

ಪ್ರಯೋಗಾಲಯದ ಕಿರಿಯರು ಅವಳಿಗೆ ಇಟ್ಟ ಹೆಸರು ಕತ್ತಲಕ್ಕ. ಕಪ್ಪು ಪರದೆಯ ಹಿಂದೆ ಕೂತು ಕೂತು, ಹಗಲಿಗೆ ಹೊರಬಂದರೆ ಕಣ್ಣು ಕಿರಿದು ಮಾಡುತ್ತಿದ್ದಳು. ಹೆಸರಿನ ಮೇಲೆ ಜಗಳಕ್ಕೆ ಹೋಗುವಂತಿರಲಿಲ್ಲ.

ಅವಳ ಪಾಲಿಗೆ ಬಂದದ್ದು ಕ್ಸೆನಾನ್, ಯಾರ ಜೊತೆಗೂ ಬೆರೆಯದ ಅನಿಲ. ಮೊದಲು ವಿದ್ಯುತ್ ಹಾಯಿಸಿ ಅದರ ಪರಮಾಣುಗಳನ್ನು ಕೆರಳಿಸಬೇಕು. ಆಮೇಲೆ ಲೇಸರಿನ ಬಣ್ಣವನ್ನು ಕೂದಲೆಳೆಯಷ್ಟೇ ಬದಲಿಸುತ್ತಾ, ಯಾವ ಬಣ್ಣಕ್ಕೆ ಅವು ಎಲೆಕ್ಟ್ರಾನ್ ಬಿಟ್ಟುಕೊಡುತ್ತವೆಂದು ಕಾಯಬೇಕು. "ಬೆರೆಯದವರನ್ನ ಎಬ್ಬಿಸೋದು ನಿನ್ನ ಕೆಲಸ," ಎಂದಿದ್ದಳು ಅಮ್ಮ. "ನಿನ್ನನ್ನ ಎಬ್ಬಿಸೋಕೆ ಇಲ್ಲಿ ಮೂರು ಜನ ಬೇಕು."

ಆ ವಾರ, ಬಂದ ಎಲೆಕ್ಟ್ರಾನುಗಳನ್ನು ಎಣಿಸಿ ಕಂಪ್ಯೂಟರು ಎಳೆಯುವ ಗೆರೆಯಲ್ಲಿ, ಈವರೆಗೆ ಯಾರೂ ದಾಖಲಿಸದ ಬಣ್ಣದ ಬಳಿ, ಒಂದು ಶಿಖರ ಎದ್ದಿತು. ಗೈಡ್ ಮೇಡಂ ಹಿಗ್ಗಿ, ಹೊರಗಿನ ಪ್ರೊಫೆಸರೊಬ್ಬರನ್ನು ನೋಡಲು ಕರೆದರು. ಕತ್ತಲಕ್ಕನ ಪಿಎಚ್‌ಡಿ ಪ್ರಬಂಧದ ಕೊನೆಯ ಅಧ್ಯಾಯವೇ ಆ ಶಿಖರದ ಮೇಲೆ ನಿಂತಿತು. ಹೊಗಳಿಕೆ ಬಂದಾಗ ವಿನಯದಿಂದ ನಗುವುದನ್ನು ಅವಳು ಕನ್ನಡಿಯ ಮುಂದೆ ಅಭ್ಯಾಸ ಮಾಡಿದಳು. ವಿನಯ ಅವಳಿಗೆ ಚೆನ್ನಾಗಿಯೇ ಒಪ್ಪುತ್ತಿತ್ತು.

ಪ್ರೊಫೆಸರು ಬರುವ ದಿನ ಬೆಳಿಗ್ಗೆ, ಇನ್ನೊಮ್ಮೆ ಕಣ್ತುಂಬಿಕೊಳ್ಳೋಣವೆಂದು ಲೇಸರ್ ಹಚ್ಚಿದಳು. ಶಿಖರ ಎದ್ದಿತು. ಆಗ ಕಂಡಿತು: ಅನಿಲದ ಕೊಳವೆಯಲ್ಲಿ ದಿನವೂ ಇರುವ ತಿಳಿನೀಲಿ ಹೊಳಪಿಲ್ಲ. ಕೆರಳಿಸುವ ವಿದ್ಯುತ್ತಿನ ಸ್ವಿಚ್ಚನ್ನೇ ಹಾಕಿರಲಿಲ್ಲ. ಕೆರಳಿದ ಪರಮಾಣು ಒಂದೂ ಇಲ್ಲ. ಶಿಖರ ಮಾತ್ರ ಜಗ್ಗದೆ ನಿಂತಿದೆ.

ಹುಡುಕಿದಳು. ಬಣ್ಣ ಬದಲಾದಂತೆ ಕಿರಣವೂ ತುಸು ಸರಿಯುತ್ತಿತ್ತು. ಸರಿಯಾಗಿ ಶಿಖರ ಏಳುವ ಬಣ್ಣದಲ್ಲಿ ಅದು ಉಪಕರಣದ ಒಳಗಿನ ಉಕ್ಕಿನ ತಟ್ಟೆಯ ಅಂಚಿಗೆ ತಾಗುತ್ತಿತ್ತು. ಎಲೆಕ್ಟ್ರಾನ್ ಕೊಟ್ಟದ್ದು ಕ್ಸೆನಾನ್ ಅಲ್ಲ, ತಟ್ಟೆ. ವಾರವಿಡೀ ಅವಳು ಮನಸೋತದ್ದು ಒಂದು ತಟ್ಟೆಗೆ. ಅಮ್ಮನಿಗೆ ಫೋನಿನಲ್ಲಿ ಅದರ ಗುಣಗಾನ ಬೇರೆ ಆಗಿತ್ತು.

ಸ್ವಿಚ್ಚು ಆರಿಸಿ ತೋರಿಸೆಂದು ಪ್ರೊಫೆಸರು ಕೇಳಲಿಕ್ಕಿಲ್ಲ ಎಂಬ ಯೋಚನೆ ಬಂತು. ಒಂದು ಲೋಟ ಚಹಾ ಆರುವಷ್ಟು ಹೊತ್ತು ಉಳಿಯಿತು ಕೂಡ. ಆಮೇಲೆ ಮೇಡಂ ಕೋಣೆಗೆ ಹೋದಳು.

"ಮೇಡಂ, ಅದು ಪರಮಾಣು ಅಲ್ಲ. ನಮ್ಮ ತಟ್ಟೆ."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅವರು ಗೇಟಿನ ಹತ್ರ ಬಂದಾಯ್ತು," ಎಂದರು. ಕನ್ನಡಕ ಮತ್ತೆ ಏರಿಸಿ, "ಸ್ವಿಚ್ ಆರಿಸಿ ನೋಡು ಅಂತ ನಾನೂ ಹೇಳಲಿಲ್ಲ ನೋಡು. ಹೋಗಲಿ, ಅವರಿಗೆ ನೀನೇ ತೋರಿಸು."

ಸ್ವಿಚ್ಚು ಹಾಕಿ ಒಮ್ಮೆ, ಆರಿಸಿ ಒಮ್ಮೆ ತೋರಿಸಿದಳು. ಅಭ್ಯಾಸ ಮಾಡಿದ ನಗು ಹೇಗೂ ಸಿದ್ಧವಿತ್ತು, ಅದನ್ನೇ ನಕ್ಕಳು.

ಸಂಜೆ ಅಮ್ಮನಿಗೆ ಎಲ್ಲ ಹೇಳಿದಳು: ತಟ್ಟೆ ಸರಿಸಿ ಮತ್ತೆ ಮೊದಲಿನಿಂದ ಅಳೆಯಬೇಕು, ಪದವಿ ಆರು ತಿಂಗಳು ಹಿಂದಕ್ಕೆ ಹೋಯಿತು.

"ಉಂಡ ತಟ್ಟೇನೂ ನೀನು ಇದ್ದ ಜಾಗದಿಂದ ಎತ್ತಿದವಳಲ್ಲ," ಎಂದಳು ಅಮ್ಮ. "ಆರು ತಿಂಗಳಲ್ಲಿ ಇದನ್ನ ಸರಿಸಿದ್ರೆ ಅದೇ ದೊಡ್ಡದು."