ದೆವ್ವ ಹೊರಡುವಾಗ ಹೇಳಿದ ಮಾತು

ನಾನೇ ಬರೆದು, ನಾನೇ ಖರ್ಚು ಹಾಕಿ ಹೊರತರುತ್ತಿದ್ದ ಮೊದಲ ಪ್ರೇಮಕಾದಂಬರಿಯಲ್ಲಿ ನಾಯಕ ದೆವ್ವ. ಕೊನೆಯ ಪುಟದಲ್ಲಿ ಪ್ರೇಯಸಿಯನ್ನು ಶಾಶ್ವತವಾಗಿ ಬಿಟ್ಟು ಹೊರಡುತ್ತ ಅವನು "ಹೋಗ್ತೆ" ಅನ್ನುತ್ತಾನೆ. ಓದುವವರು ಅಳಬೇಕಾದದ್ದೇ ಅಲ್ಲಿ. ಶಿರಸಿಯ ಪ್ರೆಸ್ಸಿನಲ್ಲಿ ಟೈಪು ಮಾಡುವ ಗಣಪತಿ ಅದನ್ನು "ಬರ್ತೆ" ಎಂದು ತಿದ್ದಿಟ್ಟಿದ್ದ.

"ಅಂವ ವಾಪಸ್ ಬತ್ತ ಹೇಳಿ ಆತಲೋ!" ಎಂದೆ.

"ಹೊರಡುವಾಗ ಹೋಗ್ತೆ ಹೇಳಲಾಗ ಅಕ್ಕಾ. ಅಪಶಕುನ."

"ಸತ್ತವಂಗೆ ಇನ್ನೆಂತಾ ಅಪಶಕುನವೋ?"

"ಅವಂಗಲ್ಲ, ನಿಂಗ್ಳ ಪುಸ್ತಕಕ್ಕೆ."

ನಾನು ಬಿಡಲಿಲ್ಲ. ಪಕ್ಕದಲ್ಲೇ ಕೂತು "ಹೋಗ್ತೆ" ಎಂದೇ ಅಚ್ಚು ಹಾಕಿಸಿದೆ. ಪುಸ್ತಕ ಚೆನ್ನಾಗಿಯೇ ಖರ್ಚಾಗುತ್ತಿದೆ. ಆದರೆ ಕೊನೆಯ ಪುಟಕ್ಕೆ ಇದುವರೆಗೆ ಒಬ್ಬಳೂ ಅತ್ತಿಲ್ಲ. ಸಿದ್ದಾಪುರದಿಂದ ಯಲ್ಲಾಪುರದವರೆಗೆ ಎಲ್ಲರೂ ಫೋನು ಮಾಡಿ ಬೈಯುವುದು ಒಂದೇ ಮಾತಿಗೆ: "ಅಷ್ಟು ಒಳ್ಳೇ ದೆವ್ವ, ಹೊರಡುವಾಗ ಹಾಂಗೆ ಹೇಳಲಾಗ್ತನೇ?"